ಒಗ್ಗದ ಆಸನ

ದಾಕ್ಷಾಯಣಿಗೆ ಯೋಗ ಹತ್ತಿದ್ದು ಉಬ್ಬಸದ ದೆಸೆಯಿಂದ. ಬಳ್ಳಾರಿ ಸೀಮೆಯ ಮೋಕ ಎಂಬ ಊರಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು. ಹತ್ತಿ ಬಿಡಿಸುವ ಕಾಲ ಬಂತೆಂದರೆ ಎದೆಯೊಳಗೆ ಬೆಕ್ಕು ಕೂತಂತೆ ಗೊರಗೊರ ಸದ್ದು. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೂ ಅದು ಬೆನ್ನು ಬಿಡಲಿಲ್ಲ. ಗಂಡ ಮರಿಬಸಪ್ಪ ಬ್ರೂಸ್‌ಪೇಟೆಯ ಕಾಳಿನ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತ. ಸಂಜೆ ಅವನು ಮನೆಗೆ ಬಂದು ಅಂಗಿ ಕೊಡವಿದರೆ ಸಾಕು, ತೊಗರಿ ಧೂಳಿಗೆ ಇವಳಿಗೆ ಕೆಮ್ಮು ಶುರು. "ನಾನ ನಿನಗ ಆಗಿಬರಂಗಿಲ್ಲ ಬಿಡು" ಎಂದು ನಗುತ್ತಿದ್ದ ಮರಿಬಸಪ್ಪ, ಆಮೇಲಾಮೇಲೆ ಅಂಗಿಯನ್ನು ಹೊರಗಿನ ಗೂಟಕ್ಕೇ ತೂಗುಹಾಕಿ ಒಳಗೆ ಬರುವುದನ್ನು ರೂಢಿ ಮಾಡಿಕೊಂಡ. ಅವಳನ್ನು ಶ್ರೀನಿವಾಸ ಮಾಸ್ತರರ ಹತ್ತಿರ ಕರೆದುಕೊಂಡು ಹೋದವನೂ ಅವನೇ. ಆಗ ಅವಳಿಗೆ ಇಪ್ಪತ್ತೆಂಟು.

ಮಾಸ್ತರರು ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಕೋಟೆಗುಡ್ಡದ ಬುಡದಲ್ಲಿ ಹಳೆಯ ಮನೆ, ಮಾಳಿಗೆಯ ಮೇಲೆ ತಗಡಿನ ಚಪ್ಪರ, ಅದರಡಿ ಯೋಗ. ಹೊಸಬರು ಯಾರೇ ಬರಲಿ, ಮೊದಲು ಕೆಳಗಿನಿಂದ ಒಂದು ತಂಬಿಗೆ ನೀರು ತರಲು ಹೇಳುತ್ತಿದ್ದರು. ಹದಿನೆಂಟು ಮೆಟ್ಟಿಲು. ಹತ್ತಿ ಬರುವವರ ಮೊಣಕಾಲು, ಸೊಂಟ, ಉಸಿರು, ನೀರು ತುಳುಕುವ ರೀತಿ ಎಲ್ಲವನ್ನೂ ಮೇಲೆ ನಿಂತು ನೋಡುತ್ತಿದ್ದರು. ಅಷ್ಟರಲ್ಲಿ ಈ ಮನುಷ್ಯನಿಗೆ ಏನು ಕೊಡಬೇಕೆಂಬುದು ಅವರಿಗೆ ಗೊತ್ತಾಗಿರುತ್ತಿತ್ತು.

ದಾಕ್ಷಾಯಣಿ ಹತ್ತನೆಯ ಮೆಟ್ಟಿಲಿಗೇ ಕೂತುಬಿಟ್ಟಳು.

"ಅಲ್ಲೇ ಕೂಡ್ರಮ್ಮ, ನಾನೇ ಬರ್ತೀನಿ" ಎಂದು ಮಾಸ್ತರರು ಕೆಳಗಿಳಿದು ಬಂದು ಪಕ್ಕದ ಮೆಟ್ಟಿಲ ಮೇಲೆ ಕೂತರು. "ಯೋಗ ಅಂದ್ರ ಒಂದೇ ಅಲ್ಲ. ಜ್ವಾಳದ ರೊಟ್ಟಿ ಅರಗಿಸೋ ಹೊಟ್ಟಿ ಬ್ಯಾರೆ ಅದ, ಗಂಜಿ ಕೇಳೋ ಹೊಟ್ಟಿ ಬ್ಯಾರೆ ಅದ. ಬಡಿಸೋರಿಗೆ ಅದು ತಿಳಿದಿರಬೇಕು. ನಿನಗ ಸದ್ಯಕ್ಕ ಗಂಜಿ."

ಆ ಗಂಜಿ ಎಂದರೆ ದಿಂಬಿಗೆ ಒರಗಿ ಎದೆ ತೆರೆದು ಮಲಗುವುದು, ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು, ಅಷ್ಟೇ. ಎಂಟು ತಿಂಗಳು ಅದನ್ನೇ ಮಾಡಿಸಿದರು. ಆಮೇಲೆ ಹಗ್ಗ, ಮರದ ಇಟ್ಟಿಗೆ, ಕುರ್ಚಿ ಹಿಡಿದು ನಿಲ್ಲುವ ಆಸನಗಳು. ಎರಡನೆಯ ವರ್ಷದ ಹತ್ತಿ ಸುಗ್ಗಿಗೆ ಅವಳು ತವರಿಗೆ ಹೋಗಿ, ಹೊಲದ ಬದುವಿನ ಮೇಲೆ ಕೂತು ರೊಟ್ಟಿ ತಿಂದು, ಕೆಮ್ಮದೆ ಎದ್ದು ಬಂದಳು. ಅವಳ ತಾಯಿ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದಳು.

ಮಾಸ್ತರರು ತೀರಿಕೊಂಡ ಮೇಲೆ ಅವರ ಹಗ್ಗ, ಇಟ್ಟಿಗೆ, ಕುರ್ಚಿಗಳು ದಾಕ್ಷಾಯಣಿಯ ಪಾಲಿಗೆ ಬಂದವು. ಬ್ರೂಸ್‌ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಹಾಲ್‌ನಲ್ಲಿ ಬೆಳಗಿನ ತರಗತಿ. ಸೋಮವಾರ, ಗುರುವಾರ ಮಧ್ಯಾಹ್ನದ ಬಸ್ಸಿಗೆ ಕುರುಗೋಡು. ಮಂಗಳವಾರ, ಶುಕ್ರವಾರ ಸಿರುಗುಪ್ಪ. ಹೀಗೆ ಇಪ್ಪತ್ತು ವರ್ಷ. ಈ ದಾರಿಯ ಕಂಡಕ್ಟರುಗಳಿಗೆಲ್ಲ ಅವಳು "ಯೋಗಾ ಅಕ್ಕಾರು". ಒಬ್ಬ ಡ್ರೈವರನಂತೂ ಸಿಗ್ನಲ್ಲಿನಲ್ಲಿ ನಿಂತಾಗ ಕುತ್ತಿಗೆ ತಿರುಗಿಸಿ ತೋರಿಸಿ, "ಹಿಂಗನ್ರಿ ಅಕ್ಕಾ?" ಎಂದು ಕೇಳುತ್ತಿದ್ದ.

ಈ ಇಪ್ಪತ್ತು ವರ್ಷಗಳಲ್ಲಿ ಊರಿಗೆ ಬಗೆಬಗೆಯ ಯೋಗ ಬಂದವು. ಹಾಡು ಹಾಕಿಕೊಂಡು ಒಂದು ಆಸನದಿಂದ ಇನ್ನೊಂದಕ್ಕೆ ನಿಲ್ಲದೆ ಹರಿಯುವುದು, ಕೋಣೆಯನ್ನು ಬಿಸಿ ಮಾಡಿ ಬೆವರಿಳಿಸುವುದು, ಜಿಮ್ಮಿನ ಪವರ್ ಯೋಗ, ಬೆಳಿಗ್ಗೆ ಪಾರ್ಕಿನಲ್ಲಿ ಗುಂಪು ಕಟ್ಟಿ ಹೋ ಎಂದು ನಗುವುದು, ಕಣ್ಣು ಮುಚ್ಚಿ ಮಲಗಿ ಮಾತು ಕೇಳುತ್ತಾ ನಿದ್ದೆಗೂ ಎಚ್ಚರಕ್ಕೂ ನಡುವೆ ನಿಲ್ಲುವುದು. ಬಳ್ಳಾರಿಯ ಬಿಸಿಲಿಗೆ ಇನ್ನೂ ಬಿಸಿ ಕೋಣೆ ಬೇಕೇ ಎಂದು ಮರಿಬಸಪ್ಪ ಗೇಲಿ ಮಾಡುತ್ತಿದ್ದ. ದಾಕ್ಷಾಯಣಿ ಯಾವುದನ್ನೂ ಹೀಗಳೆಯುತ್ತಿರಲಿಲ್ಲ. "ಬೆವರಬೇಕಾದ ಮೈನೂ ಇರ್ತಾವ" ಎನ್ನುತ್ತಿದ್ದಳು.

ಮಾತಿಗೆ ತಕ್ಕಂತೆ ನಡೆದುಕೊಂಡವಳು ಕೂಡ. ಸುಂಕಣ್ಣ ಎಂಬ ಇಪ್ಪತ್ತೆರಡರ ಹುಡುಗ ಒಂದು ಆಸನದಲ್ಲಿ ಮೂರು ಉಸಿರು ನಿಲ್ಲಲಾರದೆ ಚಡಪಡಿಸುತ್ತಿದ್ದುದನ್ನು ನೋಡಿ, ತಾನೇ ಅವನನ್ನು ಜಿಮ್ಮಿನ ವೇಗದ ಯೋಗಕ್ಕೆ ಕಳಿಸಿದಳು. ಗಂಡನ ಅಂಗಡಿಯಲ್ಲಿ ಮೂಟೆ ಹೊರುವ ಎರ್ರಿ ಎಂಬ ಹಮಾಲಿಗೆ ಬಗ್ಗುವ ಆಸನ ಒಂದನ್ನೂ ಕೊಡದೆ, ಬೋರಲು ಮಲಗಿಸಿ ನಡು ಸಡಿಲಿಸುವುದನ್ನಷ್ಟೇ ಕಲಿಸಿದಳು. "ದಿನಾ ಬಗ್ಗೋನಿಗೆ ಮತ್ತ ಬಗ್ಗು ಅಂದ್ರ ಹೆಂಗ?" ಎಂದಳು. ಪಾಳಿ ಬದಲಾಗಿ ಬದಲಾಗಿ ನಿದ್ದೆಗೆಟ್ಟಿದ್ದ ನರ್ಸ್ ಕಾವೇರಿಗೆ ಆರು ತಿಂಗಳು ಬರೀ ಯೋಗನಿದ್ರೆ. ಎಲ್ಲರಿಗೂ ಗುಣ ಕಂಡಿತು. ದಾಕ್ಷಾಯಣಕ್ಕ ಮೈ ಓದುತ್ತಾಳೆ ಎಂಬ ಹೆಸರು ಬಾಯಿಂದ ಬಾಯಿಗೆ ಹಬ್ಬಿತು. ಆ ಮಾತು ಕಿವಿಗೆ ಬಿದ್ದಾಗ ಅವಳು ಬೇಡವೆಂದು ಕೈ ಆಡಿಸುತ್ತಿದ್ದಳು. ಒಳಗೆ ಮಾತ್ರ ಹಿತವಾಗುತ್ತಿತ್ತು.

ಸಿರುಗುಪ್ಪದ ತರಗತಿಯಲ್ಲಿ ವೀರಭದ್ರಮ್ಮ ಎಂಬ ಎಪ್ಪತ್ತು ದಾಟಿದ ಅಜ್ಜಿ ಇದ್ದಳು. ಮಂಡಿನೋವು, ಜೊತೆಗೆ ಎರಡೂ ಕಣ್ಣು ಕಾಣದು. ಸೊಸೆ ಕೈಹಿಡಿದು ತಂದು ಕೂರಿಸಿ ಹೋಗುತ್ತಿದ್ದಳು. ದಾಕ್ಷಾಯಣಿ ಅವಳಿಗೆ ಕುರ್ಚಿಯ ಮೇಲಿನ ಆಸನಗಳನ್ನು ಕೈಮುಟ್ಟಿ ಕಲಿಸಿದಳು. ವರ್ಷ ತುಂಬುವುದರೊಳಗೆ ಅಜ್ಜಿ ಗೋಡೆ ಹಿಡಿದು ತಾನೇ ಬಚ್ಚಲಿಗೆ ಹೋಗುವಂತಾದಳು. ಆ ಸಂತೋಷಕ್ಕೆ ಕುರುಗೋಡಿಗೆ ಕೊಟ್ಟಿದ್ದ ಮಗಳಿಗೆ ಫೋನು ಮಾಡಿಸಿ ಹೇಳಿದಳು: "ನಿಮ್ಮೂರಿಗೂ ಬರ್ತಾಳಂತ ಆಕಿ. ಹೋಗವ್ವಾ ನೀನೂ. ದಿನಾ ಮಿಷನ್ ತುಳದು ತುಳದು ಕುತಿಗಿ ಹಿಡಕೊಂಡೈತಿ ಅಂತಿದ್ದೆಲ್ಲ."

ಆ ಮಗಳೇ ಶೀಲಾ.

ಮೂವತ್ತಾರರ ಹೆಂಗಸು. ಗಂಡ ಚನ್ನಬಸವರಾಜನದು ಗೊಬ್ಬರ, ಬೀಜದ ಅಂಗಡಿ. ಅತ್ತೆ, ಮಾವ, ಮೈದುನನ ಸಂಸಾರ, ತನ್ನಿಬ್ಬರು ಮಕ್ಕಳು ಸೇರಿ ಒಂಬತ್ತು ಜನರ ಮನೆ. ಅಡುಗೆ ಮುಗಿಸಿ ಪಡಸಾಲೆಯ ಮೂಲೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಕುರುಗೋಡಿನ ಹೆಂಗಸರಿಗೆ ಅವಳ ಕೈಯ ಕುಪ್ಪಸವೇ ಆಗಬೇಕು. ಮೊದಲ ದಿನ ತರಗತಿಗೆ ಬಂದಾಗ ಅವಳ ಭುಜ ಎರಡೂ ಕಿವಿಯ ತನಕ ಏರಿ ಕೂತಿದ್ದವು. ದಾಕ್ಷಾಯಣಿ ಹಗ್ಗ ಹಿಡಿಸಿ, ಗೋಡೆಗೆ ನಿಲ್ಲಿಸಿ, ಆರು ತಿಂಗಳಲ್ಲಿ ಅವನ್ನು ಕೆಳಗಿಳಿಸಿದಳು. ಅಂಥ ಚುರುಕಾದ ಶಿಷ್ಯೆ ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ. ಹೇಳಿದ್ದನ್ನು ಮೈ ತಾನಾಗಿ ಹಿಡಿದುಕೊಳ್ಳುತ್ತಿತ್ತು.

ಒಂದು ದಿನ ಶೀಲಾ ಕೇಳಿದಳು: "ಅಕ್ಕಾ, ನನಗ ತಲಿಕೆಳಗ ನಿಂದರೂದು ಕಲಸ್ರಿ."

ಶೀರ್ಷಾಸನವನ್ನು ದಾಕ್ಷಾಯಣಿ ಸುಮ್ಮಸುಮ್ಮನೆ ಯಾರಿಗೂ ಕೊಡುತ್ತಿರಲಿಲ್ಲ. ಮಾಸ್ತರರಿಂದ ಬಂದ ಪ್ರಶ್ನೆಗಳ ಪಟ್ಟಿಯೇ ಇತ್ತು. ಬಿಪಿ ಇದೆಯೇ, ಕುತ್ತಿಗೆ ಎಲುಬು ಸವೆದಿದೆಯೇ, ತಲೆಗೆ ಎಂದಾದರೂ ಪೆಟ್ಟು ಬಿದ್ದಿತ್ತೇ. ಎಲ್ಲವನ್ನೂ ಕೇಳಿದಳು. ಬಳ್ಳಾರಿಯಲ್ಲಿ ಕುತ್ತಿಗೆಯ ಎಕ್ಸ್‌ರೇ ತೆಗೆಸಿದಳು. ಕೊನೆಗೆ ಕೇಳಿದಳು: "ಕಣ್ಣು ಚಲೋ ಅದಾವೇನು?"

ಶೀಲಾ ನಕ್ಕುಬಿಟ್ಟಳು. "ಏನ್ ಕೇಳ್ತೀರಿ ಅಕ್ಕಾ? ಹನ್ನೊಂದನೇ ನಂಬರ್ ಸೂಜಿಗೆ ಒಂದ ಸಲಕ್ಕ ದಾರ ಪೋಣಸ್ತೀನಿ. ಚಾಳೀಸ ಸೈತ ಬಂದಿಲ್ಲ ನನಗ."

ಕಂಬಳಿ ಮಡಿಸಿ ಮೂಲೆಗಿಟ್ಟು, ಗೋಡೆಯ ಆಸರೆಯಲ್ಲಿ ದಾಕ್ಷಾಯಣಿ ಕಲಿಸಿದಳು. ಮೊದಲು ಹತ್ತು ಉಸಿರು, ಆಮೇಲೆ ಒಂದು ನಿಮಿಷ, ವರ್ಷ ಕಳೆಯುವುದರೊಳಗೆ ಐದು ನಿಮಿಷ. ಶೀಲಾ ಮನೆಯಲ್ಲೂ ದಿನಾ ಮಾಡತೊಡಗಿದಳು. ಬೆಳಿಗ್ಗೆ ಐದೂವರೆಗೆ, ಇನ್ನೂ ಯಾರೂ ಏಳದ ಹೊತ್ತಿನಲ್ಲಿ, ಹೊಲಿಗೆ ಮಿಷನ್ನಿನ ಪಕ್ಕದ ಗೋಡೆಗೆ.

"ಆ ಐದು ನಿಮಿಷ ಯಾರೂ ನನ್ನ ಕರಿಯಂಗಿಲ್ಲ ಅಕ್ಕಾ" ಎಂದು ಒಮ್ಮೆ ಹೇಳಿದಳು. "ಕರದ್ರೂ ನಾನು ಹೋಗಾಕ ಬರಂಗಿಲ್ಲಲ್ಲ, ಕಾಲು ಮ್ಯಾಲಿರ್ತಾವ."

ನಾಲ್ಕು ವರ್ಷ ಹೀಗೇ ನಡೆಯಿತು. ನಾಲ್ಕನೆಯ ವರ್ಷದ ಕೊನೆಗೆ ಶೀಲಾ ತರಗತಿಯಲ್ಲಿ ಬಲಕ್ಕೆ ಕೈ ಚಾಚಿದಾಗಲೆಲ್ಲ ಪಕ್ಕದವಳಿಗೆ ತಾಗಿಸುತ್ತಿದ್ದಳು. ಚಾಪೆಯನ್ನು ಸೊಟ್ಟಗೆ ಹಾಸುತ್ತಿದ್ದಳು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು, "ಈ ಬಾಗಲಾ ದಿನಾ ಸರೀತೈತಿ ನೋಡ್ರಿ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ದಾಕ್ಷಾಯಣಿಯೂ ನಕ್ಕಿದ್ದಳು. ಮನೆಗೆಲಸ ಹೆಚ್ಚಾಗಿ ಗಮನ ತಪ್ಪುತ್ತಿದೆ ಎಂದುಕೊಂಡು, ಒಂದು ಕಾಲ ಮೇಲೆ ನಿಂತು ಚಿತ್ತ ನಿಲ್ಲಿಸುವ ಆಸನವನ್ನು ಹೆಚ್ಚಿಗೆ ಮಾಡಿಸಿದಳು.

ಸ್ಕೂಟಿ ಓಡಿಸುತ್ತಿದ್ದಾಗ ಪಕ್ಕದಿಂದ ಬಂದ ಎಮ್ಮೆ ಶೀಲಾಳಿಗೆ ಕಾಣಲೇ ಇಲ್ಲ. ಬಿದ್ದು ಮೊಣಕೈ ತರಚಿತು, ಅಷ್ಟೇ. ಆದರೆ ಜೊತೆಗಿದ್ದ ಮಗಳು, "ಅಷ್ಟು ದೊಡ್ಡ ಎಮ್ಮಿ ಕಾಣಲಿಲ್ಲೇನು ಮಮ್ಮಿ?" ಎಂದು ಮನೆಯಲ್ಲೆಲ್ಲ ಹೇಳಿದ ಮೇಲೆ ಚನ್ನಬಸವರಾಜ ಕಣ್ಣು ತೋರಿಸಿಕೊಂಡು ಬಾ ಎಂದ. ಬಿತ್ತನೆಯ ಕಾಲ, ಅಂಗಡಿ ಬಿಟ್ಟು ಅವನು ಬರುವಂತಿರಲಿಲ್ಲ. ಬಳ್ಳಾರಿಯ ಬಸ್‌ಸ್ಟ್ಯಾಂಡಿನಲ್ಲಿ ದಾಕ್ಷಾಯಣಿಯೇ ಶೀಲಾಳನ್ನು ಇಳಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು. ಚಾಳೀಸು ಬಂದಿರಬೇಕು, ಕನ್ನಡಕ ಕೊಟ್ಟಾರು ಎಂಬುದು ಇಬ್ಬರ ಎಣಿಕೆ.

ಒತ್ತಡ ಅಳೆಯಲು ಕಣ್ಣಿಗೆ ಗಾಳಿ ಊದಿದರು, ಹನಿ ಹಾಕಿ ಕೂರಿಸಿದರು, ಮತ್ತೆ ನೋಡಿದರು. ಆಮೇಲೆ ಕತ್ತಲೆ ಕೋಣೆಯಲ್ಲೊಂದು ಪರೀಕ್ಷೆ. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು ನೇರ ನೋಡುತ್ತಿರಬೇಕು, ಅಲ್ಲಲ್ಲಿ ಬೆಳಕಿನ ಚುಕ್ಕೆ ಮಿಂಚುತ್ತದೆ, ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ದಾಕ್ಷಾಯಣಿ ಪರದೆಯಾಚೆ ಬೆಂಚಿನ ಮೇಲೆ ಕೂತಿದ್ದಳು. ಯಂತ್ರ ಚುಕ್ಕೆಯಿಂದ ಚುಕ್ಕೆಗೆ ಸರಿಯುವ ಸಣ್ಣ ಗುರ್ ಸದ್ದು ಕೇಳುತ್ತಿತ್ತು, ನಡುವೆ ಗುಂಡಿಯ ಟಿಕ್ಕು. ಎಡಗಣ್ಣಿನ ಸರದಿಯಲ್ಲಿ ಟಿಕ್ಕು ಆಗಾಗ ತಪ್ಪಿತು. ಬಲಗಣ್ಣಿನ ಸರದಿ ಬಂದಾಗ ಗುರ್, ಗುರ್, ಗುರ್ ಎಂಬ ಸದ್ದೊಂದೇ. ಟಿಕ್ಕಿಗಾಗಿ ಕಾಯುತ್ತಾ ಅವಳು ಉಸಿರು ಹಿಡಿದಳು. ಎದ್ದು ಹೋಗಿ "ಒತ್ತು ಶೀಲಾ, ಒತ್ತು" ಎನ್ನಬೇಕೆನಿಸಿತು.

ಡಾಕ್ಟರಮ್ಮ ಕಾಗದ ಮುಂದಿಟ್ಟು ತೋರಿಸಿದರು. ಬಿಳಿ ಇರಬೇಕಾದಲ್ಲಿ ಮಸಿ ಸುರಿದಂತಿತ್ತು.

"ಇದು ಗ್ಲಾಕೋಮಾ. ಕಣ್ಣಾಗಿನ ಒತ್ತಡ ನರ ತಿಂತೈತಿ. ಮೊದಲು ಬದಿಗೆ ಕಾಣೋದು ಹೋಗತೈತಿ, ನಟ್ಟ ನಡುವಿಂದು ಕಡೀಗೆ, ಅದಕ್ಕ ಇಷ್ಟು ದಿನ ನಿಮಗ ಗೊತ್ತಾಗಿಲ್ಲ. ಬಲಗಣ್ಣು ಬಾಳ ಹೋಗೇತಿ. ಎಡದ್ದು ಅರ್ಧ ಉಳದೈತಿ."

"ಆಪರೇಶನ್ ಮಾಡಿದ್ರ ತಿರುಗಿ ಬರತೈತ್ರಿ?" ಶೀಲಾ ಕೇಳಿದಳು.

"ಹೋದದ್ದು ಬರಂಗಿಲ್ಲಮ್ಮ. ಉಳದದ್ದನ್ನ ಉಳಿಸ್ಕೋಬೇಕು. ಮನ್ಯಾಗ ಯಾರಿಗಾದ್ರೂ ಐತೇನು?"

"ನಮ್ಮವ್ವಗ ಕಣ್ಣು ಕಾಣಂಗಿಲ್ರಿ. ಅದು ವಯಸ್ಸಿನದು, ಪೊರಿ ಅಂದ್ಕೊಂಡಿದ್ವಿ."

ದಾಕ್ಷಾಯಣಿಗೆ ವೀರಭದ್ರಮ್ಮನ ನೆನಪಾಯಿತು. ಆ ಅಜ್ಜಿಯನ್ನು ಐದು ವರ್ಷದಿಂದ ವಾರಕ್ಕೆರಡು ಬಾರಿ ಕೈಹಿಡಿದು ಕುರ್ಚಿಯ ಮೇಲೆ ಕೂರಿಸುತ್ತಿದ್ದವಳು ತಾನು. ಕಣ್ಣು ಹೇಗೆ ಹೋಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.

ಡಾಕ್ಟರಮ್ಮ ಹನಿಗಳ ಹೆಸರು ಬರೆಯುತ್ತಾ ಮಾಡಬಾರದ್ದನ್ನು ಹೇಳುತ್ತಿದ್ದರು. "ತಲಿ ಕೆಳಗ ಹಾಕೋದು ಬ್ಯಾಡ. ಯೋಗ ಗೀಗ ಮಾಡ್ತೀರೇನು? ಶೀರ್ಷಾಸನ?"

"ಮಾಡ್ತೀನ್ರಿ."

"ಎಷ್ಟು ದಿನದಿಂದ?"

"ನಾಕು ವರ್ಷ ಆತು. ದಿನಾ."

ಪೆನ್ನು ನಿಂತಿತು. "ಯಾರು ಕಲಿಸಿದ್ರು ನಿಮಗ?"

ಶೀಲಾ ಪಕ್ಕಕ್ಕೆ ತಿರುಗಲಿಲ್ಲ. "ಫೋನ್‌ನಾಗ ನೋಡಿ ಕಲ್ತೆ" ಎಂದಳು.

ನಾನೇ ಕಲಿಸಿದ್ದು ಎಂದು ಹೇಳಲು ದಾಕ್ಷಾಯಣಿ ಬಾಯಿ ತೆರೆದಳು. ಡಾಕ್ಟರಮ್ಮ, "ಈ ಫೋನ್ ನೋಡಿ ಮಾಡೋರಿಗೆ ಏನು ಹೇಳೂದು" ಎಂದು ತಲೆ ಅಲ್ಲಾಡಿಸಿ ಮುಂದೆ ಬರೆದರು. ದಾಕ್ಷಾಯಣಿ ಚೀಟಿ ಇಸಿದುಕೊಂಡು ಎದ್ದಳು.

ಹೊರಗೆ ಬಂದು ಆಟೋ ಕಾಯುವಾಗ ದಾಕ್ಷಾಯಣಿ, "ಯಾಕ ಸುಳ್ಳು ಹೇಳಿದಿ?" ಎಂದಳು.

"ನಿಮ್ಮ ಹೆಸರು ಕೆಡಬಾರ್ದಂತ ಹೇಳಿದೆ ಅಕ್ಕಾ" ಎಂದಳು ಶೀಲಾ. "ಅವ್ವಗ ಮಾತ್ರ ಇದನ್ನ ಹೇಳ್ಬ್ಯಾಡ್ರಿ. ಆಕಿ ತನ್ನಿಂದ ಬಂತು ಅಂತ ಕೊರಗ್ತಾಳ."

ಮರುದಿನ ದಾಕ್ಷಾಯಣಿ ಬೆಳಗಿನ ತರಗತಿ ಬಿಟ್ಟು ಒಬ್ಬಳೇ ಅದೇ ಆಸ್ಪತ್ರೆಗೆ ಹೋದಳು. ಚೀಟಿ ಮಾಡಿಸಿ, ಸರದಿಯಲ್ಲಿ ಎರಡು ತಾಸು ಕೂತು, ಡಾಕ್ಟರಮ್ಮನ ಎದುರು ನಿಂತು ಹೇಳಿದಳು: "ನಿನ್ನೆ ಬಂದಿದ್ದ ಆಕಿಗೆ ಕಲಿಸಿದಾಕಿ ನಾನ ರೀ. ನನ್ನಿಂದ ಹೋತೇನ್ರಿ ಆಕಿ ಕಣ್ಣು?"

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. ಬೈಯುತ್ತಾರೆಂದು ದಾಕ್ಷಾಯಣಿ ಕಾದಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

"ರೋಗ ಆಕಿ ರಕ್ತದಾಗಿತ್ತು. ತಲಿಕೆಳಗ ನಿಂತಾಗ ಕಣ್ಣಿನ ಒತ್ತಡ ಎರಡು ಪಟ್ಟು ಏರತೈತಿ, ಅದೂ ಖರೇನ. ನಿಂತಷ್ಟು ಹೊತ್ತು ಏರಿ ಮತ್ತ ಇಳೀತೈತಿ. ಅದರಿಂದ ಜಲ್ದಿ ಹೋತೋ, ಅದಿಲ್ಲದಿದ್ರೂ ಹಿಂಗ ಹೋಗತಿತ್ತೋ, ನನಗ ಹೇಳಾಕ ಬರಂಗಿಲ್ಲ. ಯಾರಿಗೂ ಬರಂಗಿಲ್ಲ."

"ಒಂದು ಅಂದಾಜು, ಮೇಡಂ..."

"ಅಂದಾಜು ಹೇಳಿ ನಿಮ್ಮನ್ನ ಸುಳ್ಳು ಸಮಾಧಾನ ಮಾಡ್ಲ್ಯಾ, ಸುಳ್ಳು ಸಂಕಟಕ್ಕ ಹಾಕ್ಲ್ಯಾ?"

ದಾಕ್ಷಾಯಣಿ ಕೈಮುಗಿದು ಹೊರಬಂದಳು. ಮನೆಯಲ್ಲಿ ಮರಿಬಸಪ್ಪ ಎಲ್ಲವನ್ನೂ ಕೇಳಿ, "ನೀನು ಕೇಳಿದ್ದೆಲ್ಲ, ಕಣ್ಣು ಹೆಂಗದಾವಂತ? ಮತ್ತ ನಿಂದೇನು ತಪ್ಪು?" ಎಂದ. ಹೌದು, ಕೇಳಿದ್ದಳು. ಆ ಉತ್ತರವನ್ನು ನಂಬಿದವಳೂ ತಾನೇ ಅಲ್ಲವೇ? ಮೆಟ್ಟಿಲು ಹತ್ತುವುದನ್ನು ನೋಡಿ ಎಲ್ಲವನ್ನೂ ಹೇಳಬಹುದು ಎಂಬ ನಂಬಿಕೆಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದಳು. ಕಣ್ಣಿನೊಳಗಿನ ನರಕ್ಕೆ ಮೆಟ್ಟಿಲಿಲ್ಲ.

ಶುಕ್ರವಾರ ಸಿರುಗುಪ್ಪದಲ್ಲಿ ವೀರಭದ್ರಮ್ಮನ ಕೈಹಿಡಿದು ಕೂರಿಸುವಾಗ, ತಡೆಯಲಾರದೆ ಕೇಳಿದಳು: "ಅಮ್ಮಾ, ನಿಮ್ಮ ಕಣ್ಣು ಹೆಂಗ ಹೋದುವ್ರಿ?"

"ಬದಿಂದ ಹೋದುವ ನನ್ನವ್ವಾ. ಬಾಗಲಾ ಸಣ್ಣಾಕ್ಕೊಂತ ಬಂದಂಗ ಆತು. ಕಡೀಕ ಸೂಜಿ ಕಣ್ಣಷ್ಟು ಉಳದಿತ್ತು. ಅದ್ರಾಗ ನಮ್ಮ ಶೀಲಾನ ಮದಿವಿ ನೋಡಿದೆ, ಸಾಕು." ಅಜ್ಜಿ ಅವಳ ಕೈ ಸವರಿದಳು. "ಯಾಕವ್ವಾ, ಕೈ ತಣ್ಣಗ ಅದಾವಲ್ಲ? ನಮ್ಮ ಶೀಲಾ ಹೆಂಗದಾಳ?"

"ಚಲೋ ಅದಾಳ್ರಿ" ಎಂದಳು ದಾಕ್ಷಾಯಣಿ.

ಆಮೇಲೆ ಅವಳು ತನ್ನ ಕೈಲಾದದ್ದನ್ನೆಲ್ಲ ಮಾಡಿದಳು. ಮೂರೂ ಊರುಗಳಲ್ಲಿ ತಲೆಕೆಳಗಾಗುವ ಆಸನಗಳನ್ನು ಪೂರ್ತಿ ನಿಲ್ಲಿಸಿದಳು. ಮೂವತ್ತೈದು ದಾಟಿದವರೆಲ್ಲ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಂಡು ಬರಬೇಕೆಂದು ಹಟ ಹಿಡಿದಳು. ಮಾಡಿಸಿದವರಲ್ಲಿ ಯಾವ ದೋಷವೂ ಕಾಣಲಿಲ್ಲ, ದುಡ್ಡು ದಂಡವಾಯಿತೆಂದು ಅವರು ಸಿಟ್ಟಾದರು. ಕುರುಗೋಡಿನಲ್ಲಿ ಯೋಗ ಮಾಡಿ ಒಬ್ಬಳ ಕಣ್ಣು ಹೋಯಿತಂತೆ ಎಂಬ ಸುದ್ದಿ ಹುಟ್ಟಿತು. ಯಂಕಮ್ಮ ಎಂಬ ಹಳೆಯ ಶಿಷ್ಯೆ ಬಂದು ನೇರವಾಗಿ ಕೇಳಿದಳು: "ಖರೇ ಏನ್ರಿ ಅಕ್ಕಾ?" ದಾಕ್ಷಾಯಣಿಗೆ ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. "ಗೊತ್ತಿಲ್ಲ ಯಂಕಮ್ಮ" ಎಂದಳು. ಯಂಕಮ್ಮ ಮುಂದಿನ ವಾರದಿಂದ ಬರಲಿಲ್ಲ. ಅಲ್ಲಿನ ಹದಿನೆಂಟು ಜನರ ತರಗತಿ ಏಳಕ್ಕಿಳಿಯಿತು.

ಶೀಲಾಳಿಗೆ ಅವಳ ಮನೆಯಲ್ಲೇ ಬೇರೆ ಅಭ್ಯಾಸ ಕಟ್ಟಿಕೊಟ್ಟಳು. ಡಾಕ್ಟರಮ್ಮನಿಗೆ ಒಂದೊಂದನ್ನೂ ತೋರಿಸಿ ಒಪ್ಪಿಸಿಕೊಂಡು ಬಂದಿದ್ದಳು. ತಲೆ ಎದೆಗಿಂತ ಕೆಳಗೆ ಬಾರದಂತೆ ಕುರ್ಚಿಯ ಮೇಲೆ ಕೂತು ಮಾಡುವುದು, ದಿಂಬಿಗೆ ಒರಗುವುದು, ಹಿಡಿಯದೆ ಬಿಡುವ ಉಸಿರಾಟ. ಶೀಲಾ ಎಲ್ಲವನ್ನೂ ಹೇಳಿದಂತೆ ಮಾಡಿದಳು. ಮುಖ ಮಾತ್ರ ಬೇರೆಲ್ಲೋ ಇರುತ್ತಿತ್ತು.

ಮೂರನೆಯ ವಾರ ಕುರ್ಚಿಯ ಮೇಲೆ ಕೂತಲ್ಲೇ ನಿಲ್ಲಿಸಿ ಹೇಳಿದಳು: "ಇದು ಅವ್ವಗ ಕೊಟ್ಟದ್ದಲ್ಲೇನ್ರಿ?"

"ನಿನಗ ಈಗ ಇದ ಒಗ್ಗತೈತಿ ಶೀಲಾ."

"ಮೈಗೆ ಒಗ್ಗತೈತಿ ಅಕ್ಕಾ. ನನಗ?"

ಯಾರಿಗೆ ಯಾವುದು ಎಂದು ಹೇಳಿ ಹೆಸರಾದವಳು ಬಗ್ಗಿ, ಶೀಲಾಳ ಪಾದದಡಿಯ ಇಟ್ಟಿಗೆ ಸರಿಮಾಡಿದಳು.

ಹನಿ ಹಾಕುತ್ತಿದ್ದರೂ ವರ್ಷದ ಪರೀಕ್ಷೆಯಲ್ಲಿ ಎಡಗಣ್ಣಿನ ಮಸಿ ಇನ್ನಷ್ಟು ಹಬ್ಬಿತ್ತು. ಡಾಕ್ಟರಮ್ಮ ಹನಿ ಬದಲಿಸಿದರು, ಒತ್ತಡ ಹೀಗೇ ಇಳಿಯದಿದ್ದರೆ ಆಪರೇಶನ್ ಮಾಡೋಣ, ಅದೂ ಉಳಿದದ್ದನ್ನು ಉಳಿಸಲಿಕ್ಕೆ ಮಾತ್ರ ಎಂದರು. ಹೊಲಿಯಲು ಬಂದ ಕುಪ್ಪಸಗಳು ಕಡಿಮೆಯಾದವು. ತೋಳಿನ ಕಡೆ ಹೊಲಿಗೆ ತಪ್ಪುತ್ತದೆ ಎಂದು ಗಿರಾಕಿಗಳು ಅವಳಿಗೆ ಹೇಳದೆ ಬೇರೆಡೆ ಹೋದರು.

ಮೊನ್ನೆ ಶ್ರಾವಣದಲ್ಲಿ ಕುರುಗೋಡಿನಲ್ಲಿ ಬೆಳಿಗ್ಗೆ ಮಠದ ಹಾಲ್‌ನಲ್ಲೊಂದು ಯೋಗ ಶಿಬಿರ ಇತ್ತು. ದಾಕ್ಷಾಯಣಿ ಹಿಂದಿನ ಸಂಜೆಯೇ ಹೋಗಿ ಯಾರದೋ ಮನೆಯಲ್ಲಿ ಉಳಿದಿದ್ದಳು. ಐದೂವರೆಯ ಹೊತ್ತಿಗೆ ಶಿಬಿರಕ್ಕೆ ಹೋಗುವ ದಾರಿಯಲ್ಲಿ, ಶೀಲಾಳನ್ನು ಮಾತಾಡಿಸಿಕೊಂಡು ಹೋಗೋಣವೆಂದು ಅವರ ಅಂಗಳಕ್ಕೆ ಕಾಲಿಟ್ಟಳು. ಕಸ ಹೊಡೆದು ನೀರು ಹಾಕಿ ಆಗಿತ್ತು. ಪಡಸಾಲೆಯ ಬಾಗಿಲು ಅರ್ಧ ತೆರೆದಿತ್ತು.

ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಶೀಲಾ ತಲೆಕೆಳಗಾಗಿ ನಿಂತಿದ್ದಳು.

ಗೋಡೆಯಿಂದ ಒಂದು ಗೇಣು ಈಚೆಗೆ, ಆಸರೆಯೇ ಇಲ್ಲದೆ. ಕಾಲಬೆರಳು ಸೂರಿನ ಕಡೆ ಚಾಚಿದ್ದವು. ಸೀರೆಯ ನೆರಿಗೆಯನ್ನು ಮೊಣಕಾಲಿಗೆ ದುಪ್ಪಟ್ಟಾದಿಂದ ಕಟ್ಟಿಕೊಂಡಿದ್ದಳು. ಮೈಯಲ್ಲಿ ಎಲ್ಲಿಯೂ ನಡುಕವಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ದಾಕ್ಷಾಯಣಿ ಅಷ್ಟು ಸರಿಯಾದ ಶೀರ್ಷಾಸನವನ್ನು ನೋಡಿರಲಿಲ್ಲ.

ಕೂಗಿದರೆ ಬೆಚ್ಚಿ ಬೀಳುತ್ತಾಳೆ, ಕುತ್ತಿಗೆ ಮುರಿಯುತ್ತದೆ. ಓಡಿಹೋಗಿ ಹಿಡಿದರೂ ಅದೇ. ಬಾಗಿಲ ಬಳಿ ಹೊಸ್ತಿಲು ಹಿಡಿದು ಕುಕ್ಕರಗಾಲಲ್ಲಿ ಕೂತು, ಮನಸ್ಸಿನಲ್ಲೇ ಉಸಿರು ಎಣಿಸತೊಡಗಿದಳು. ಇಪ್ಪತ್ತು, ಮೂವತ್ತು. ಇಳಿ ತಾಯಿ, ಇಳಿ. ನಲವತ್ತು. ಒಂದೊಂದು ಉಸಿರಿಗೂ ಆ ಕಣ್ಣಿನೊಳಗೆ ಏನಾಗುತ್ತಿದೆ ಎಂಬುದು ಅವಳಿಗೆ ಈಗ ಗೊತ್ತಿತ್ತು. ಗೊತ್ತಿದ್ದೂ ಎಣಿಸುವುದನ್ನು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ.

ಶೀಲಾ ಕಲಿಸಿದ ಹಾಗೆಯೇ ಮೊಣಕಾಲು ಮಡಿಸಿ, ನಿಧಾನವಾಗಿ ಕಾಲಿಳಿಸಿ, ಹಣೆ ನೆಲಕ್ಕೂರಿ ಕೂತಳು. ತಲೆ ಎತ್ತಿದಾಗ ಬಾಗಿಲ ಬಲಬದಿಗಿದ್ದ ದಾಕ್ಷಾಯಣಿ ಅವಳಿಗೆ ಕಾಣಲಿಲ್ಲ. ಅಳುವ ಸದ್ದು ಕೇಳಿ ಮುಖ ತಿರುಗಿಸಿದಳು.

"ಯಾವಾಗ ಬಂದ್ರಿ ಅಕ್ಕಾ?"

"ಎಷ್ಟು ದಿನದಿಂದ ನಡಸೀದಿ ಇದನ್ನ?"

"ಎರಡು ತಿಂಗಳಾತು. ದಿನಾ ಇಲ್ಲ."

ದಾಕ್ಷಾಯಣಿ ಒಳಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಕಾಲು ಹಿಡೀತೀನಿ ಶೀಲಾ. ಬ್ಯಾಡ. ಉಳದದ್ದು ಅರ್ಧ ಕಣ್ಣು. ಮಕ್ಕಳ ಮುಖಾನಾರ ನೋಡಬೇಕಲ್ಲ ನೀನು."

"ಅಕ್ಕಾ, ಹಂಗ ಮಾಡ್ಬ್ಯಾಡ್ರಿ, ನೀವು ದೊಡ್ಡೋರು." ಶೀಲಾ ಕೈ ಬಿಡಿಸಿಕೊಳ್ಳಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಹನಿ ಹಾಕ್ತೀನಿ, ಗುಳಿಗಿ ತಗೋತೀನಿ, ಹೇಳಿದ್ದೆಲ್ಲ ಮಾಡ್ತೀನಿ. ಆದ್ರೂ ಹೋಗಾಕತ್ತೈತಿ. ಅವ್ವನ ಹೆಸರಿಲೆ ಬಂದದ್ದು, ಹೋಗೇ ಹೋಗತೈತಿ. ಇಡೀ ದಿನದಾಗ ಕಣ್ಣಿನ ಹೆದರಿಕಿ ಇಲ್ಲದ್ದು ಈ ಐದು ನಿಮಿಷ ಅಷ್ಟ. ಕಣ್ಣು ಮುಚ್ಚಿರ್ತೀನಿ, ಮೈ ನೆಟ್ಟಗಿರ್ತೈತಿ. ಅದನ್ನ ನೀವ ಕೊಟ್ರಿ. ಈಗ ಹೆಂಗ ತಿರುಗಿ ಕೇಳ್ತೀರಿ?"

"ಮಾಡಂಗಿಲ್ಲ ಅಂತ ಮಾತು ಕೊಡು."

ಶೀಲಾ ಎದ್ದು ಕಂಬಳಿ ಮಡಿಸಿದಳು. "ಚಾ ಮಾಡ್ತೀನಿ, ಕೂಡ್ರಿ" ಎಂದಳು. ಒಳಗಿನಿಂದ ಅತ್ತೆ ಏಳುವ ಸದ್ದು ಕೇಳಿಸಿತು. ಅಲ್ಲಿಗೆ ಆ ಮಾತು ಮುಗಿಯಿತು.

ಚನ್ನಬಸವರಾಜನಿಗೆ ಹೇಳಿಬಿಡಬೇಕೆಂದು ದಾಕ್ಷಾಯಣಿ ಎರಡು ಸಲ ಅವನ ಅಂಗಡಿಯ ತನಕ ಹೋದಳು. ಹೇಳಿದರೆ ಮನೆಯವರೆಲ್ಲ ಸೇರಿ ಅವಳ ಬೆಳಗಿನ ಆ ಹೊತ್ತನ್ನೇ ಕಾವಲಿಗಿಡುತ್ತಾರೆ. ಹೇಳದಿದ್ದರೆ ಕಣ್ಣು. ಎರಡನೆಯ ಸಲ ಧೈರ್ಯ ಮಾಡಿ ಬಾಯಿಬಿಟ್ಟಳು. ಅವನು ಬೀಜದ ಚೀಲ ಇಳಿಸುತ್ತಿದ್ದವನು ಕೈ ನಿಲ್ಲಿಸಿ, "ನನಗ ಗೊತ್ತೈತ್ರಿ ಅಕ್ಕಾ" ಎಂದ. "ಒಮ್ಮೆ ಬೈದೆ. ಎರಡು ದಿನ ಊಟ ಬಿಟ್ಟಳು. ನೀವ ಹೇಳ್ರಿ, ಏನ್ ಮಾಡ್ಲಿ?"

ದಾಕ್ಷಾಯಣಿ ಅವನು ಕೊಟ್ಟ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಬಸ್ಸಿಗೆ ಎದ್ದಳು.

ಈಗ ದಾಕ್ಷಾಯಣಿಗೆ ಐವತ್ತನಾಲ್ಕು. ಬ್ರೂಸ್‌ಪೇಟೆಯ ತರಗತಿ ನಡೆಯುತ್ತಿದೆ, ಸಿರುಗುಪ್ಪದ್ದೂ ಉಂಟು. ವೀರಭದ್ರಮ್ಮನಿಗೆ ಇನ್ನೂ ಏನೂ ಗೊತ್ತಿಲ್ಲ. ಪ್ರತಿ ದಿನ ಬೆಳಿಗ್ಗೆ ಐದೂವರೆಗೆ ಸರಿಯಾಗಿ ದಾಕ್ಷಾಯಣಿ ಶೀಲಾಳಿಗೆ ಫೋನು ಮಾಡುತ್ತಾಳೆ. ಇಂಥದ್ದೇ ಮಾತೆಂದಿಲ್ಲ, ಏನಾದರೂ ತೆಗೆಯುತ್ತಾಳೆ. ನಿನ್ನೆ ಏನು ಅಡುಗೆ, ಮಗಳ ಪರೀಕ್ಷೆ ಯಾವಾಗ, ಸಿರುಗುಪ್ಪದಲ್ಲಿ ಅವ್ವ ಏನೆಂದಳು. ಮಾತು ಆರು ಗಂಟೆ ಮುಟ್ಟಿದರೆ ಅಲ್ಲಿ ಮನೆಯವರೆಲ್ಲ ಏಳುತ್ತಾರೆ, ಆ ದಿನಕ್ಕೆ ಅಷ್ಟು ಉಳಿಯಿತು. ಯಾಕೆ ಫೋನು ಮಾಡುತ್ತಾಳೆಂಬುದು ಶೀಲಾಳಿಗೆ ಗೊತ್ತು. ಅವಳೂ ಅದನ್ನು ಎತ್ತಿ ಆಡುವುದಿಲ್ಲ.

ಕೆಲವು ದಿನ ಎತ್ತುತ್ತಾಳೆ. ಕೆಲವು ದಿನ ಫೋನು ರಿಂಗಾಗುತ್ತಲೇ ಇರುತ್ತದೆ. ಮರಿಬಸಪ್ಪ ಹಾಸಿಗೆಯಿಂದಲೇ, "ಎತ್ತಲಿಲ್ಲೇನು?" ಎಂದು ಕೇಳುತ್ತಾನೆ. ದಾಕ್ಷಾಯಣಿ ಇನ್ನೊಂದು ಸಲ ಮಾಡಿ ನೋಡುತ್ತಾಳೆ. ಆಮೇಲೆ ಬೀಗದ ಕೈ ತೆಗೆದುಕೊಂಡು, ಬರುವವರಿಗೆ ಚಾಪೆ ಹಾಸಲು ಪಾತ್ರೆ ಅಂಗಡಿಯ ಮೇಲಿನ ಹಾಲ್‌ ಕಡೆ ನಡೆಯುತ್ತಾಳೆ.